ಬಿಟ್ಟುಬಿಡುವುದೂ ಒಪ್ಪಿಸಿಕೊಡುವುದೂ

‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಹೇಳದ ಕನ್ನಡ ಅಧ್ಯಾಪಕರು ಇರಲಾರರು. ನಾನೂ ಎಷ್ಟೋ ಸಲ ಹೇಳಿದ್ದೇನೆ. ಹಟಮಾರಿಗಳ ಕುರಿತಾದ ಗಾದೆ ಅದು ಎಂದು ಮಕ್ಕಳೆಲ್ಲ ಬರೆಯುತ್ತಾರೆ, ಅಂಕವೂ ಸಿಗುತ್ತದೆ. ಆದರೆ ಐದು ವರ್ಷ ಮೊಲ ಸಾಕಿದ ಮೇಲೆ ನನಗೆ ಅದರಲ್ಲಿ ಇನ್ನೊಂದು ಅರ್ಥವೂ ಕಾಣತೊಡಗಿದೆ. ಮೊಲವನ್ನು ಹಿಡಿದುಕೊಂಡವನಿಗೆ ಮೊಲ ಪೂರ್ತಿಯಾಗಿ ಕಾಣುವುದಿಲ್ಲ. ಮಕ್ಕಳಿಗೆ ಅದರ ಮೆತ್ತನೆಯ ರೋಮ ಕಾಣುತ್ತದೆ, ಉದ್ದ ಕಿವಿ ಕಾಣುತ್ತದೆ. ಹೆತ್ತವರಿಗೆ ಬೊಗಳದ, ಕಚ್ಚದ, ಖರ್ಚಿಲ್ಲದ ಒಂದು ಪ್ರಾಣಿ ಕಾಣುತ್ತದೆ. ಅದು ಎಂಟು ಹತ್ತು ವರ್ಷ ಬದುಕುವ ಜೀವ. ಆ ಎಂಟು ಹತ್ತು ವರ್ಷಗಳಲ್ಲಿ ನಮ್ಮ ಮನೆ, ಉದ್ಯೋಗ, ಊರು ಯಾವುದೂ ಈಗಿದ್ದಂತೆಯೇ ಇರಲಾರದು ಎಂಬ ನಾಲ್ಕನೆಯ ಕಾಲು ಮಾತ್ರ ಯಾರಿಗೂ ಕಾಣುವುದಿಲ್ಲ.

‘ಮಾಷ್ಟ್ರೇ, ನಿಮ್ಮ ಮೊಲಗಳನ್ನು ಎಂತ ಮಾಡಿದಿರಿ?’ ಎಂದು ಈಗಲೂ ಮಕ್ಕಳು ಕೇಳುವುದುಂಟು. ‘ಕೊಟ್ಟೆವು’ ಎಂದರೆ ಅವರ ಮುಖ ಬಾಡುತ್ತದೆ. ಕೊಟ್ಟೆವು ಎಂಬ ಒಂದು ಮಾತಿನಲ್ಲಿ ಮುಗಿಯುವ ಕಥೆ ಅದಲ್ಲವಾದ್ದರಿಂದ, ಈ ವರ್ಷದ ಸಂಚಿಕೆಯಲ್ಲಿ ಅದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ನಮ್ಮ ಶಾಲೆಯ ಅನೇಕ ಮಕ್ಕಳ ಮನೆಗಳಲ್ಲಿ ಮೊಲ, ಬೆಕ್ಕು, ಲವ್‌ಬರ್ಡ್ಸ್ ಇವೆ. ಅವರಲ್ಲಿ ಕೆಲವರಿಗಾದರೂ ಇಂಥ ದಿನ ಬರಬಹುದು.

ನಮ್ಮ ಮೊಲಗಳು ನಮ್ಮ ಮನೆಯಲ್ಲಿ ಹುಟ್ಟಿದವಲ್ಲ, ಅಂಗಡಿಯಿಂದ ತಂದವೂ ಅಲ್ಲ. ನೆರೆಮನೆಯವರು 2017ರಲ್ಲಿ ಸಂಸಾರ ಸಮೇತ ಕೊಲ್ಲಿ ರಾಷ್ಟ್ರಕ್ಕೆ ಹೊರಟಾಗ ಗೂಡಿನ ಜೊತೆಗೆ ನಮಗೆ ದಾಟಿಸಿ ಹೋದವು. ಆರು ತಿಂಗಳ ಎರಡು ಹೆಣ್ಣು ಮರಿಗಳು. ಒಂದು ಬಿಳಿ, ಇನ್ನೊಂದು ಕಂದು. ‘ಕ್ಯಾರೆಟ್ ಕೊಟ್ಟರೆ ಸಾಕು’ ಎಂದಷ್ಟೇ ಅವರು ಹೇಳಿದ್ದು. ವಿಮಾನಕ್ಕೆ ಹೊತ್ತಾಗಿತ್ತು, ಪಾಪ. ಅವರ ಮಗ ಕಾರಿನೊಳಗೆ ಕುಳಿತು ನಮ್ಮ ಮನೆಯ ಕಡೆಗೆ ನೋಡದೆ ಇನ್ನೊಂದು ಕಿಟಕಿಯ ಕಡೆಗೆ ಮುಖ ತಿರುಗಿಸಿಕೊಂಡಿದ್ದ. ಆ ಹುಡುಗನ ಬೆನ್ನು ನನಗೆ ಇಂದಿಗೂ ನೆನಪಿದೆ.

ಮೊಲಗಳು ಎರಡು ದಿನ ಮೂಲೆ ಬಿಟ್ಟು ಏಳಲಿಲ್ಲ. ಕ್ಯಾರೆಟ್ಟನ್ನು ಮೂಸಿಯೂ ನೋಡಲಿಲ್ಲ. ಮೂರನೆಯ ದಿನ ನನ್ನ ತಾಯಿ ಅಂಗಳದ ಬದಿಯಿಂದ ಒಂದು ಹಿಡಿ ಗರಿಕೆ ಕಿತ್ತು ಹಾಕಿದರು. ಬಿಳಿಯದು ಮೆಲ್ಲನೆ ಬಂದು ಒಂದೊಂದೇ ಎಳೆಯನ್ನು ಬಾಯಿಯೊಳಗೆ ಎಳೆದುಕೊಳ್ಳತೊಡಗಿತು. ಅಂದೇ ಅವುಗಳಿಗೆ ನಾಮಕರಣವೂ ಆಯಿತು. ‘ಇದು ಬೆಳ್ತಿಗೆ, ಅದು ಕುಚ್ಚಿಲು’ ಎಂದರು ತಾಯಿ. ಅಕ್ಕಿಯ ಹೆಸರನ್ನು ಮೊಲಕ್ಕಿಡುವುದೇ ಎಂದು ನನ್ನ ಮಗಳು ನಕ್ಕಳು. ಆದರೆ ಆ ಹೆಸರುಗಳೇ ನಿಂತುವು.

ಮೊಲ ಎಂಬ ಒಂದೇ ಹೆಸರಿನಿಂದ ನಾವು ಎರಡು ಬೇರೆ ಬೇರೆ ಪ್ರಾಣಿಗಳನ್ನು ಕರೆಯುತ್ತೇವೆ ಎಂಬುದನ್ನು ಇಲ್ಲಿ ಮಕ್ಕಳು ತಿಳಿಯಬೇಕು. ನಮ್ಮ ಗುಡ್ಡೆಗಳಲ್ಲಿ ಮುಸ್ಸಂಜೆಯ ಹೊತ್ತು ಚಂಗನೆ ಹಾರಿ ಮರೆಯಾಗುವುದು ಕಾಡುಮೊಲ. ಅದು ಬಿಲ ತೋಡುವುದಿಲ್ಲ. ಹುಲ್ಲಿನ ನಡುವೆ ಮಲಗುತ್ತದೆ. ಅದರ ಮರಿ ಹುಟ್ಟುವಾಗಲೇ ಮೈತುಂಬ ರೋಮವಿರುತ್ತದೆ, ಕಣ್ಣು ತೆರೆದಿರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಗೂಡಿನಲ್ಲಿ ಸಾಕುವ ಮೊಲದ ಮೂಲ ನಮ್ಮ ದೇಶವೇ ಅಲ್ಲ. ಅದರ ಪೂರ್ವಿಕರು ಸ್ಪೇನ್, ಪೋರ್ಚುಗಲ್ ಕಡೆಯ ಬಿಲವಾಸಿಗಳು. ಅದರ ಮರಿ ರೋಮವಿಲ್ಲದೆ ಹುಟ್ಟುತ್ತದೆ, ಕಣ್ಣು ಬಿಡಲು ಹತ್ತು ದಿನ ಬೇಕು. ಈ ಎರಡಕ್ಕೂ ಸಂತತಿ ಕೂಡ ಆಗುವುದಿಲ್ಲ. ಈ ವ್ಯತ್ಯಾಸದ ಮಾತು ಮುಂದೆ ಪ್ರಯೋಜನಕ್ಕೆ ಬರಲಿದೆ.

ಮೊಲಕ್ಕೆ ಬುದ್ಧಿಯಿಲ್ಲ, ಎಲ್ಲ ಮೊಲಗಳೂ ಒಂದೇ ಎಂದು ಹೇಳುವವರು ಮೊಲ ಸಾಕಿದವರಲ್ಲ. ವಿಲಿಯಂ ಕೂಪರ್ ಎಂಬ ಇಂಗ್ಲಿಷ್ ಕವಿ 1784ರಲ್ಲಿ ಒಂದು ಪತ್ರಿಕೆಗೆ ತನ್ನ ಮೊಲಗಳ ವಿಷಯ ಬರೆದ. ಅವು ಅಲ್ಲಿಯ ಕಾಡುಮೊಲಗಳು. ನೆರೆಮನೆಯ ಮಕ್ಕಳಿಗೆ ಆಟಕ್ಕೆಂದು ಯಾರೋ ಒಂದು ಮರಿಯನ್ನು ಕೊಟ್ಟಿದ್ದರಂತೆ. ಮಕ್ಕಳಿಗೆ ಅದನ್ನು ಕಾಡಿಸುವುದಕ್ಕೆ ಗೊತ್ತಿತ್ತೇ ಹೊರತು ಸಾಕುವುದಕ್ಕೆ ಗೊತ್ತಿರಲಿಲ್ಲ. ಅವರಿಗೆ ಬೇಸರ ಬಂದ ಮೇಲೆ ಅದು ಕವಿಯ ಮನೆ ಸೇರಿತು. ಆತ ಆಗ ಮನೋವ್ಯಾಧಿಯಿಂದ ಬಳಲುತ್ತಿದ್ದ. ಸುದ್ದಿ ತಿಳಿದು ಊರವರೆಲ್ಲ ಮರಿಗಳನ್ನು ತಂದುಕೊಡತೊಡಗಿದರು. ಆತ ಮೂರನ್ನು ಮಾತ್ರ ಇಟ್ಟುಕೊಂಡ. ಅವುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿ ಅವನ ಮನಸ್ಸಿಗೆ ಎಷ್ಟೋ ನೆಮ್ಮದಿ ಸಿಕ್ಕಿತು. ಮೂರಕ್ಕೂ ಮೂರು ಬಗೆಯ ಸ್ವಭಾವ ಎಂದು ಆತ ಬರೆದಿದ್ದಾನೆ. ಒಂದು ತೊಡೆಯೇರಿ ಕೂರುತ್ತಿತ್ತು. ಇನ್ನೊಂದು ಎಷ್ಟು ಪ್ರೀತಿ ತೋರಿದರೂ ಪಳಗಲಿಲ್ಲ.

ನಮ್ಮವುಗಳಲ್ಲಿಯೂ ಹಾಗೆಯೇ. ಬೆಳ್ತಿಗೆಗೆ ಭಯ ಹೆಚ್ಚು. ಮಿಕ್ಸಿಯ ಸದ್ದು ಕೇಳಿದರೆ ಮೂಲೆ ಸೇರುತ್ತಿತ್ತು. ಆದರೆ ಎಡ ಕಿವಿಯ ಹಿಂದೆ ಬೆರಳಿನಿಂದ ತುರಿಸಿದರೆ ಕಣ್ಣು ಅರೆಮುಚ್ಚಿ, ಹಲ್ಲುಗಳನ್ನು ನಯವಾಗಿ ಉಜ್ಜುತ್ತ, ನೆಲಕ್ಕೆ ಹರಡಿಕೊಂಡು ಬಿಡುತ್ತಿತ್ತು. ಕುಚ್ಚಿಲು ಹಾಗಲ್ಲ, ಯಜಮಾನಿ. ಅಂಗಳದ ಬದಿಯಲ್ಲಿ ಕೀರಿ ಸುಳಿದರೂ ಸಾಕು, ಹಿಂಗಾಲನ್ನು ನೆಲಕ್ಕೆ ‘ಧಪ್’ ಎಂದು ಬಡಿದು ಮನೆಮಂದಿಗೆಲ್ಲ ಎಚ್ಚರಿಕೆ ಕೊಡುತ್ತಿತ್ತು. ಸಂಜೆ ಗೂಡಿನ ಬಾಗಿಲು ತೆಗೆದರೆ ಓಡಿ ಬಂದು, ಗಾಳಿಯಲ್ಲಿ ಎಗರಿ, ಮೈಯನ್ನು ಒಮ್ಮೆ ತಿರುಚಿ ಇಳಿಯುತ್ತಿತ್ತು. ಅದು ಮೊಲದ ಸಂತೋಷದ ಕುಣಿತ. ಅದನ್ನು ಕಂಡಾಗ ಎಂಥ ಮುಂಗೋಪಿಯೂ ನಗದೆ ಇರಲಾರ.

ನನ್ನ ತಾಯಿಯವರಿಗೆ ಮೊದಲು ಅವು ಬೇಡವಾಗಿದ್ದುವು. ‘ಹಾಲು ಕೊಡುವುದಿಲ್ಲ, ಮೊಟ್ಟೆ ಇಡುವುದಿಲ್ಲ, ಮನೆ ಕಾಯುವುದಿಲ್ಲ. ಎಂತಕ್ಕೆ ಇದು?’ ಎಂದು ಕೇಳಿದ್ದರು. ಮೊಲದ ಹಿಕ್ಕೆಯನ್ನು ಹಾಗೆಯೇ ಗಿಡದ ಬುಡಕ್ಕೆ ಹಾಕಬಹುದು ಎಂದು ತಿಳಿದ ಮೇಲೆ, ಅವರ ಮಲ್ಲಿಗೆ ಗಿಡಗಳು ಹೂ ಬಿಟ್ಟ ಸೊಗಸನ್ನು ಕಂಡ ಮೇಲೆ, ಅವರ ಮಾತು ನಿಂತಿತು. ಆಮೇಲೆ ದಾಸವಾಳದ ಚಿಗುರು ಮೊದಲು ಮೊಲಗಳಿಗೆ, ಬಳಿಕ ದೇವರಿಗೆ ಎಂಬ ಸ್ಥಿತಿ ಬಂತು. ಬೇಸಗೆಯಲ್ಲಿ ಗೂಡಿನ ಮೇಲೆ ಒದ್ದೆ ಗೋಣಿ ಹೊದಿಸುವುದು, ಮಲಗಲು ತಂಪಾದ ಹೆಂಚೊಂದನ್ನು ಇಡುವುದು ಅವರದೇ ಕೆಲಸ. ಮೊಲ ನಮ್ಮಂತೆ ಬೆವರುವುದಿಲ್ಲ. ಮೈಯ ಸೆಕೆಯನ್ನು ಹೆಚ್ಚಾಗಿ ಕಿವಿಯ ರಕ್ತನಾಳಗಳ ಮೂಲಕವೇ ಹೊರಗೆ ಹಾಕಬೇಕು. ಚಳಿಯನ್ನು ಹೇಗಾದರೂ ತಡೆದೀತು, ಸೆಕೆಯನ್ನು ತಡೆಯಲಾರದು.

ಹೀಗೆ ನಾಲ್ಕು ವರ್ಷ ಕಳೆದುವು. ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣ ನಮ್ಮ ಊರಿನ ಎಲ್ಲರಿಗೂ ಗೊತ್ತಿರುವ ವಿಷಯ. ತಲಪಾಡಿಯಿಂದ ಚೆಂಗಳದವರೆಗಿನ ಆರು ಪಥಗಳ ಕೆಲಸ ಶುರುವಾದಾಗ ರಸ್ತೆ ಬದಿಯ ಎಷ್ಟೋ ಮನೆ, ಅಂಗಡಿ, ಮಾವಿನ ಮರಗಳು ಹೋದುವು. ನಮ್ಮ ಮನೆಯೂ ಅದರಲ್ಲಿ ಒಂದು. ಪರಿಹಾರ ಸಿಕ್ಕಿತು, ಆ ಕುರಿತು ದೂರಿಲ್ಲ. ರಸ್ತೆ ಎಲ್ಲರಿಗೂ ಬೇಕು. ಆದರೆ ಪರಿಹಾರದ ಲೆಕ್ಕದಲ್ಲಿ ಗೋಡೆ, ಮಾಡು, ಬಾವಿ, ತೆಂಗಿನ ಮರ ಇದ್ದುವು. ಸಂಜೆಯ ಹೊತ್ತು ಎರಡು ಮೊಲಗಳು ಕುಣಿಯುವ ಅಂಗಳಕ್ಕೆ ಅದರಲ್ಲಿ ಕಾಲಮು ಇರಲಿಲ್ಲ.

2022ರ ಮಳೆಗಾಲಕ್ಕೆ ಮೊದಲು ನಾವು ಮನೆ ಖಾಲಿ ಮಾಡಬೇಕಾಗಿತ್ತು. ಹೊಸ ಮನೆ ಕಟ್ಟಿ ಮುಗಿಸಲು ಎರಡು ಮೂರು ವರ್ಷ ಬೇಕು. ಅಷ್ಟರವರೆಗೆ ಪೇಟೆಯಲ್ಲಿ ಒಂದು ಬಾಡಿಗೆ ಮನೆ, ಎರಡನೆಯ ಮಹಡಿ. ತಾಯಿಯವರಿಗೆ ಮೆಟ್ಟಿಲು ಹತ್ತಲು ಆಗದೆ ಪುತ್ತೂರಿನಲ್ಲಿರುವ ನನ್ನ ತಮ್ಮನ ಮನೆಗೆ ಹೋಗುವುದೆಂದು ನಿಶ್ಚಯವಾಯಿತು. ಮೊಲಗಳನ್ನು ಹೇಗಾದರೂ ಜೊತೆಯಲ್ಲೇ ಇಟ್ಟುಕೊಳ್ಳುವ ದಾರಿಯನ್ನು ಮೊದಲು ಹುಡುಕಿದೆವು. ಬಾಡಿಗೆ ಮನೆಗೆ ಪಶ್ಚಿಮಕ್ಕೆ ಮುಖ ಮಾಡಿದ ಸಣ್ಣ ಬಾಲ್ಕನಿ ಇತ್ತು. ಶಾಲೆಯ ಪ್ರಯೋಗಾಲಯದಿಂದ ಒಂದು ಉಷ್ಣಮಾಪಕ ಕೇಳಿ ತಂದು ಅಲ್ಲಿ ತೂಗುಹಾಕಿದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಅದು 37 ಡಿಗ್ರಿ ತೋರಿಸಿತು. 30 ಡಿಗ್ರಿ ದಾಟಿದರೇ ಮೊಲಕ್ಕೆ ಕಷ್ಟ. ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಒದ್ದೆ ಗೋಣಿ ಹೊದಿಸಲು ಮನೆಯಲ್ಲಿ ಯಾರಿರುತ್ತಾರೆ? ಒಳಕೋಣೆಯಲ್ಲಿ ಸಾಕುವುದಕ್ಕೆ ಮನೆಯ ಮಾಲಕರ ಒಪ್ಪಿಗೆ ಸಿಗಲಿಲ್ಲ. ಪ್ರೀತಿ ಎಷ್ಟೇ ಇರಲಿ, ಉಷ್ಣಮಾಪಕದ ಪಾದರಸ ಅದಕ್ಕಾಗಿ ಕೆಳಗಿಳಿಯುವುದಿಲ್ಲ.

ಮಗಳಿಗೆ ಹೇಳಬೇಕಾಗಿತ್ತು. ಅವಳು ಆಗ ಏಳನೆಯ ತರಗತಿ. ಅವಳು ಶಾಲೆಗೆ ಹೋದಾಗ ಕೊಟ್ಟುಬಿಡಿ, ಬಂದ ಮೇಲೆ ಓಡಿಹೋದುವು ಎಂದರಾಯಿತು ಎಂದು ಒಬ್ಬರು ಹಿತೈಷಿಗಳು ಸಲಹೆ ಕೊಟ್ಟರು. ಹೆತ್ತವರಲ್ಲಿ ನನ್ನದೊಂದು ವಿನಂತಿ: ಈ ಕೆಲಸವನ್ನು ಮಾತ್ರ ಮಾಡಬೇಡಿ. ಓಡಿಹೋಯಿತು ಎಂದು ನಂಬಿದ ಮಗು ವರ್ಷಗಟ್ಟಲೆ ಬೇಲಿಯ ಸಂದಿಯಲ್ಲಿ ಅದನ್ನು ಹುಡುಕುತ್ತದೆ. ಸುಳ್ಳೆಂದು ತಿಳಿದ ದಿನ ಮೊಲದ ಜೊತೆಗೆ ನಮ್ಮ ಮಾತಿನ ಮೇಲಿನ ನಂಬಿಕೆಯನ್ನೂ ಕಳೆದುಕೊಳ್ಳುತ್ತದೆ.

ಆ ರಾತ್ರಿ ಊಟವಾದ ಮೇಲೆ ವಿಷಯ ಹೇಳಿದೆವು. ಅವಳು ಅಳಲಿಲ್ಲ. ಎರಡು ದಿನ ಮಾತೇ ಆಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ, ಅಜ್ಜಿ ಪಕ್ಕದಲ್ಲಿ ಕುಳಿತು ತೆಂಗಿನಕಾಯಿ ತುರಿಯುತ್ತಿದ್ದಾಗ ನನ್ನನ್ನು ಕೇಳಿದಳು:

‘ಅಪ್ಪಾ, ಮನೆ ಸಣ್ಣದಾದರೆ ಮೊಲಗಳನ್ನು ಕೊಡುವುದು. ಅಜ್ಜಿಯನ್ನೂ ಕೊಡುವುದಾ?’

ನನ್ನ ಗಂಟಲು ಕಟ್ಟಿತು. ಉತ್ತರ ಕೊಟ್ಟವರು ತಾಯಿಯವರೇ. ಕೈ ನಿಲ್ಲಿಸದೆ ಹೇಳಿದರು: ‘ನಾನು ಹೋಗುವುದು ನನ್ನ ಮಗನ ಮನೆಗೆ, ಮಗಾ. ಅಲ್ಲಿ ನನಗೆ ಯಾವ ಹೊತ್ತಿಗೆ ಗಂಜಿ ಬೇಕು, ಯಾವ ಮದ್ದು ಬೇಕು ಎಂದು ನಿನ್ನ ಅಪ್ಪ ಬರೆದುಕೊಟ್ಟಿದ್ದಾನೆ. ಇವುಗಳಿಗೂ ಅಂಥದ್ದೇ ಒಂದು ಮನೆ ನೋಡು. ಸುಮ್ಮನೆ ಕೂತರೆ ಮನೆ ಸಿಗುತ್ತದಾ?’

ಅಂದಿನಿಂದ ಮನೆ ಹುಡುಕುವ ಕೆಲಸದಲ್ಲಿ ಮಗಳೇ ಮುಂದಾದಳು. ಹಾಲಿನ ಸೊಸೈಟಿಯಲ್ಲಿ, ಅಂಗಡಿಗಳಲ್ಲಿ ಚೀಟಿ ಅಂಟಿಸಿದಳು. ಪರಿಚಿತರ ಮೊಬೈಲುಗಳಿಗೂ ಸುದ್ದಿ ಹೋಯಿತು. ಸಲಹೆಗಳು ಧಾರಾಳವಾಗಿ ಬಂದುವು. ‘ಗುಡ್ಡೆಗೆ ಬಿಡಿ ಮಾಷ್ಟ್ರೇ, ಹೇಗಾದರೂ ಬದುಕಿಕೊಳ್ಳುತ್ತವೆ’ ಎಂದವರೇ ಹೆಚ್ಚು. ಮೇಲೆ ಹೇಳಿದ ವ್ಯತ್ಯಾಸ ಪ್ರಯೋಜನಕ್ಕೆ ಬರುವುದು ಇಲ್ಲಿ. ಗುಡ್ಡೆ ಕಾಡುಮೊಲದ ಮನೆ, ಸಾಕುಮೊಲದ ಮನೆಯಲ್ಲ. ಮುರಕಲ್ಲಿನ ಗಟ್ಟಿ ನೆಲದಲ್ಲಿ ಅದಕ್ಕೆ ಬಿಲ ತೋಡಲಾಗದು. ಬಿಳಿ ಬಣ್ಣ ಬೆಳದಿಂಗಳಲ್ಲಿ ದೂರಕ್ಕೆ ಕಾಣುತ್ತದೆ. ನಾಯಿ, ನರಿ, ಕಬ್ಬೆಕ್ಕು, ಹೆಬ್ಬಾವು ಯಾವುದರ ಭಯವೂ ಅದಕ್ಕೆ ಕಲಿತು ಬಂದಿಲ್ಲ. ನಾಯಿ ಬಂದರೂ ಮೊಲ ತಾನಿದ್ದಲ್ಲೇ ಮುದುಡಿ ಕೂರಬಹುದು. ಗುಡ್ಡೆಗೆ ಬಿಡುವುದೆಂದರೆ ಕೊಲ್ಲುವ ಕೆಲಸವನ್ನು ಬೇರೆಯವರಿಗೆ ವಹಿಸಿ ಕೈ ತೊಳೆದುಕೊಳ್ಳುವುದು. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಈಡಾಗುವಂತೆ ಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಲ್ಲಿ ಅಪರಾಧವೆಂದೇ ಎಣಿಸಲ್ಪಟ್ಟಿದೆ.

ಒಂದು ವೇಳೆ ಬದುಕಿದರೆ? ಅದು ಇನ್ನೊಂದು ಅನಾಹುತ. 1859ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತದಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರ ಬೇಟೆಯ ಮೋಜಿಗೆಂದು ಇಂಗ್ಲೆಂಡಿನಿಂದ ಸುಮಾರು ಎರಡು ಡಜನ್ ಮೊಲಗಳನ್ನು ತರಿಸಿ ತನ್ನ ಜಮೀನಿನಲ್ಲಿ ಬಿಟ್ಟ. ಮೊಲದ ಗರ್ಭಧಾರಣೆಯ ಅವಧಿ ಕೇವಲ 31 ದಿನ. ಕೆಲವು ದಶಕಗಳಲ್ಲಿ ಅವು ಆ ಖಂಡದ ಬಹುಭಾಗವನ್ನು ಆವರಿಸಿ ಹುಲ್ಲು, ಬೆಳೆ, ಎಳೆಯ ಗಿಡ ಯಾವುದನ್ನೂ ಉಳಿಸಲಿಲ್ಲ. ಅವುಗಳನ್ನು ತಡೆಯಲು ಪಶ್ಚಿಮ ಆಸ್ಟ್ರೇಲಿಯಾದಲ್ಲಿ 1901ರಿಂದ 1907ರವರೆಗೆ ಒಟ್ಟು 3,200 ಕಿಲೋಮೀಟರಿಗೂ ಉದ್ದದ ಬೇಲಿಗಳನ್ನು ಕಟ್ಟಬೇಕಾಯಿತು. ಮೊಲಗಳು ಅದನ್ನೂ ದಾಟಿದುವು. ಸಾಕುಪ್ರಾಣಿಯನ್ನು ಸಿಕ್ಕಿದಲ್ಲಿ ಬಿಟ್ಟರೆ ಒಂದೋ ಅದು ಸಾಯುತ್ತದೆ, ಇಲ್ಲವೇ ಅಲ್ಲಿಯ ಇತರ ಜೀವಿಗಳ ಅನ್ನಕ್ಕೆ ಕುತ್ತು ತರುತ್ತದೆ.

ಕೇಳಿಕೊಂಡು ಬಂದವರಲ್ಲಿ ಒಬ್ಬರು ಕಾರಿನಲ್ಲಿ ಬಂದ ಗೃಹಸ್ಥರು. ಮಗನ ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಬೇಕಂತೆ. ‘ಬಿಳಿಯದು ಒಂದೇ ಸಾಕು, ಕಂದು ಬೇಡ’ ಎಂದರು. ಜೊತೆಯಾಗಿ ಬೆಳೆದ ಮೊಲಗಳನ್ನು ಬೇರ್ಪಡಿಸಿದರೆ ಕೊರಗುತ್ತವೆ, ಒಮ್ಮೊಮ್ಮೆ ಮೇವನ್ನೇ ಬಿಡುತ್ತವೆ. ನಾವು ಒಪ್ಪಲಿಲ್ಲ.

ಇನ್ನೊಬ್ಬರು ಬೈಕಿನಲ್ಲಿ ಬಂದರು. ಮೊಲಗಳನ್ನು ನೋಡಿ, ಕೈಯಲ್ಲೇ ತೂಕ ಅಂದಾಜು ಮಾಡಿ, ನನ್ನ ಮಗಳು ಪಕ್ಕದಲ್ಲಿರುವುದನ್ನು ಗಮನಿಸಿ ಸುಮ್ಮನಾದರು. ಆಮೇಲೆ ನನ್ನನ್ನು ಬದಿಗೆ ಕರೆದು, ‘ಸುಳ್ಳು ಹೇಳುವುದಿಲ್ಲ ಮಾಷ್ಟ್ರೇ. ನಾನು ಸಾಕುವುದು ಮಾಂಸಕ್ಕೆ. ಮಗುವಿಗೆ ಬೇಸರವಾದೀತು, ನೀವು ಬೇರೆ ಕಡೆ ನೋಡಿ’ ಎಂದರು. ಕೇರಳದಲ್ಲಿ ಮಾಂಸಕ್ಕಾಗಿ ಮೊಲ ಸಾಕುವುದು ಅನೇಕರ ನ್ಯಾಯವಾದ ಜೀವನೋಪಾಯ. ಆ ಮನುಷ್ಯ ಬಾಯಿ ಮುಚ್ಚಿಕೊಂಡು ಅವುಗಳನ್ನು ಒಯ್ಯಬಹುದಾಗಿತ್ತು, ಪುಕ್ಕಟೆ ಸಿಗುತ್ತಿದ್ದುವು. ಒಯ್ಯಲಿಲ್ಲ. ನಾನು ಅವರಿಗೆ ಕೈಮುಗಿದೆ. ಮಗಳು ಅವರಿಗೆ ಕುಡಿಯಲು ಮಜ್ಜಿಗೆ ತಂದುಕೊಟ್ಟಳು. ಅವಳಿಗೆ ಎಲ್ಲ ಅರ್ಥವಾಗಿತ್ತು.

ಮೇ ತಿಂಗಳ ಮೊದಲ ವಾರದಲ್ಲಿ ಪೆರ್ಲದ ಕಡೆಯ ಒಬ್ಬ ಕೃಷಿಕರು ಫೋನು ಮಾಡಿದರು. ಅಡಿಕೆ ತೋಟ, ಎರಡು ಹಸು, ಆರನೆಯ ತರಗತಿಗೆ ಹೋಗುವ ಮಗ. ನಾವು ಕೇಳಬೇಕಾದ ಪ್ರಶ್ನೆಗಳನ್ನು ಮಗಳು ಬರೆದಿಟ್ಟುಕೊಂಡಿದ್ದಳು. ನಾಯಿ ಉಂಟಾ? ಗೂಡು ನೆಲದಿಂದ ಎಷ್ಟು ಎತ್ತರ? ನೀವು ಮದುವೆಗೋ ಪೂಜೆಗೋ ಹೋದಾಗ ಹುಲ್ಲು ಹಾಕುವವರು ಯಾರು? ಮಗನಿಗೆ ಬೇಸರ ಬಂದರೆ ದೊಡ್ಡವರು ನೋಡಿಕೊಳ್ಳುತ್ತೀರಾ? ಸಾಕಲು ಆಗದಿದ್ದರೆ ಬೇರೆಯವರಿಗೆ ಕೊಡುವ ಮೊದಲು ನಮಗೆ ತಿಳಿಸುತ್ತೀರಾ? ಅವರು ತಾಳ್ಮೆಯಿಂದ ಒಂದೊಂದಕ್ಕೂ ಉತ್ತರ ಕೊಟ್ಟರು. ಕೊನೆಗೆ, ‘ನನ್ನದೂ ಒಂದು ಪ್ರಶ್ನೆ ಉಂಟು. ಇವು ಎಷ್ಟು ವರ್ಷ ಬದುಕುತ್ತವೆ?’ ಎಂದರು. ಅಷ್ಟು ಜನ ಬಂದು ಹೋಗಿದ್ದರಲ್ಲ, ಈ ಪ್ರಶ್ನೆ ಕೇಳಿದವರು ಅವರೊಬ್ಬರೇ. ‘ಈಗ ಐದು ವರ್ಷ. ಇನ್ನು ಮೂರು ನಾಲ್ಕು ವರ್ಷ ಬದುಕಿದರೆ ಹೆಚ್ಚು’ ಎಂದೆ. ‘ಹಾಗಾದರೆ ಇಲ್ಲೇ ಮುದಿಯಾಗಲಿ’ ಎಂದರು.

ಮುಂದಿನ ಭಾನುವಾರ ನಾನೂ ಮಗಳೂ ಮೊಲಗಳಿಲ್ಲದೆ ಹೋಗಿ ಜಾಗ ನೋಡಿ ಬಂದೆವು. ಅಡಿಕೆ ಮರ ಸೀಳಿ ಪಟ್ಟಿ ಮಾಡಿ ಗೂಡು ಕಟ್ಟುತ್ತಿದ್ದರು. ನಾಯಿಯನ್ನು ಹಗಲು ಕಟ್ಟಿಹಾಕುವ ಜಾಗ ಅಂಗಳದ ಆಚೆ ಬದಿಯಲ್ಲಿತ್ತು. ತೋಟದ ನೆರಳು ತಂಪಾಗಿತ್ತು. ಆ ಹುಡುಗ ನಮ್ಮ ಎದುರು ಬರಲು ನಾಚಿ ಬಾಗಿಲ ಸಂದಿಯಿಂದ ನೋಡುತ್ತಿದ್ದ.

ಕೊಡುವ ದಿನದವರೆಗಿನ ಒಂದು ವಾರ ಮಗಳು ನೋಟ್‌ಪುಸ್ತಕವೊಂದರಲ್ಲಿ ಬರೆಯುತ್ತಲೇ ಇದ್ದಳು. ನನಗೆ ತೋರಿಸಿರಲಿಲ್ಲ. ಕೊನೆಯ ರಾತ್ರಿ ತೋರಿಸಿದಳು. ಬೆಳ್ತಿಗೆಗೆ ಎಡ ಕಿವಿಯ ಹಿಂದೆ ತುರಿಸಬೇಕು, ಬಲ ಕಿವಿ ಆಗದು. ಕುಚ್ಚಿಲು ಕಾಲು ಬಡಿದರೆ ಬೈಯಬೇಡ, ಏನೋ ಬಂದಿದೆ ಎಂದು ಅರ್ಥ. ಕಿವಿ ಹಿಡಿದು ಎತ್ತಬೇಡ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗಕ್ಕೆ ಕೊಡು, ಇಲ್ಲದಿದ್ದರೆ ಒದ್ದುಕೊಂಡು ಬೆನ್ನುಮೂಳೆ ಮುರಿಯುತ್ತದೆ. ಹುಲ್ಲು ಯಾವಾಗಲೂ ಇರಲಿ, ಹಲ್ಲು ಬೆಳೆಯುತ್ತಲೇ ಇರುತ್ತದೆ, ಜಗಿದು ಸವೆಯಬೇಕು. ಕ್ಯಾರೆಟ್ ಸಿಹಿ, ಒಂದು ತುಂಡು ಸಾಕು. ಒಂದು ದಿನ ಪೂರ್ತಿ ತಿನ್ನದಿದ್ದರೆ ಕಾಯಬೇಡ, ಮೃಗವೈದ್ಯರಿಗೆ ತೋರಿಸು. ತಮ್ಮದೇ ಮೆತ್ತನೆಯ ಹಿಕ್ಕೆಯನ್ನು ತಿನ್ನುತ್ತವೆ, ಅಸಹ್ಯ ಪಡಬೇಡ, ಅದು ಅವುಗಳಿಗೆ ಬೇಕು. ಅಜ್ಜಿ ‘ಬಾ ಬಾ ಬಾ’ ಎಂದು ಮೂರು ಸಲ ಕರೆದರೆ ಬರುತ್ತವೆ. ನೀನೂ ಹಾಗೆಯೇ ಕರೆ.

ಅದನ್ನು ಓದುವಾಗ ನಮಗೆಲ್ಲ ಬಾಲ್ಯದಲ್ಲಿ ಬಾಯಿಪಾಠವಾಗಿದ್ದ ಗೋವಿನ ಹಾಡು ನೆನಪಾಯಿತು. ಪುಣ್ಯಕೋಟಿಯ ಸತ್ಯನಿಷ್ಠೆಯನ್ನು ನಾವೆಲ್ಲ ಹೊಗಳುತ್ತೇವೆ. ಆದರೆ ಆಕೆ ಹುಲಿಯ ಬಳಿಗೆ ಮರಳುವ ಮೊದಲು ಮಾಡಿದ ಕೆಲಸವನ್ನು ಅಷ್ಟಾಗಿ ಗಮನಿಸುವುದಿಲ್ಲ. ತನ್ನ ಕರುವನ್ನು ಜೊತೆಯ ಹಸುಗಳಿಗೆ, ಹೇಗೆ ನಡೆಸಿಕೊಳ್ಳಬೇಕೆಂದು ಬಿಡಿಸಿ ಹೇಳಿ, ಒಪ್ಪಿಸುತ್ತಾಳೆ. ಕಾಳಿದಾಸನ ಶಕುಂತಲೆಯೂ ಹಾಗೆಯೇ. ಗಂಡನ ಮನೆಗೆ ಹೊರಟಾಗ ಅವಳು ಸಾಕಿದ ತಾಯಿಲ್ಲದ ಜಿಂಕೆಮರಿ ಸೆರಗು ಹಿಡಿದು ನಿಲ್ಲುತ್ತದೆ. ಇನ್ನು ನಿನ್ನನ್ನು ತಂದೆಯವರು ನೋಡಿಕೊಳ್ಳುತ್ತಾರೆ ಎಂದು ಅದನ್ನು ಸಂತೈಸುತ್ತಾಳೆ. ಆಶ್ರಮದ ಗಬ್ಬದ ಜಿಂಕೆ ಸುಖವಾಗಿ ಮರಿ ಹಾಕಿದರೆ ತನಗೆ ಸುದ್ದಿ ಕಳುಹಿಸಬೇಕೆಂದು ಕೇಳಿಕೊಳ್ಳುತ್ತಾಳೆ. ಹೋಗಬೇಕಾದ ಕಾಲ ಬಂದಾಗ ಇಬ್ಬರೂ ಹೋದರು. ಆದರೆ ಕೈಬಿಟ್ಟು ಹೋಗಲಿಲ್ಲ, ಇನ್ನೊಂದು ಕೈಗೆ ಕೊಟ್ಟು ಹೋದರು. ಬಿಟ್ಟುಬಿಡುವುದಕ್ಕೂ ಒಪ್ಪಿಸಿಕೊಡುವುದಕ್ಕೂ ಇರುವ ಅಂತರ ಇಷ್ಟೇ.

ಸೆಕೆ ಏರುವ ಮೊದಲು ತಲುಪಬೇಕೆಂದು ಮುಂಜಾನೆ ಐದೂವರೆಗೆ ಹೊರಟೆವು. ಬುಟ್ಟಿಯೊಳಗೆ ಹಳೆಯ ಗೂಡಿನಲ್ಲಿದ್ದ ಗೋಣಿಯನ್ನೇ ತೊಳೆಯದೆ ಹಾಸಿದ್ದೆವು. ಹೊಸ ಜಾಗದಲ್ಲಿ ಹಳೆಯ ವಾಸನೆ ಇದ್ದರೆ ಅವುಗಳಿಗೆ ಧೈರ್ಯ. ಚೆರ್ಕಳ ದಾಟಿ, ಬದಿಯಡ್ಕ ದಾಟಿ, ಪೆರ್ಲ ತಲುಪುವವರೆಗೂ ಮಗಳು ಬುಟ್ಟಿಯ ಮೇಲಿನ ಕೈ ತೆಗೆಯಲಿಲ್ಲ. ಅಲ್ಲಿ ಗೂಡಿಗೆ ಬಿಟ್ಟಾಗ ಎರಡೂ ಮೂಲೆ ಸೇರಿ ಒಂದಕ್ಕೊಂದು ಒತ್ತಿಕೊಂಡು ಕುಳಿತುವು. ನಾವು ಅವಸರ ಮಾಡಲಿಲ್ಲ. ಹುಡುಗನೂ ಮಗಳೂ ಗೂಡಿನ ಎದುರು ನೆಲದಲ್ಲಿ ಕುಳಿತರು. ಅವಳು ನೋಟ್‌ಪುಸ್ತಕ ತೆರೆದು ಒಂದೊಂದನ್ನೇ ಓದಿ ಹೇಳಿದಳು. ಅವನು ತಲೆಯಾಡಿಸುತ್ತ ಕೇಳಿದ. ‘ಎಡ ಕಿವಿಯಾ?’ ಎಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡ. ಹೊರಡುವಾಗ ಅವಳು ಗೂಡಿನ ಕಡೆಗೆ ತಿರುಗಿ ನಿಂತು, ‘ಹೋಗಿ ಬರ್ತೇನೆ’ ಎಂದಳು. ಹಿಂದಿನ ಸಲ ಕಾರಿನಲ್ಲಿ ಮುಖ ತಿರುಗಿಸಿ ಕುಳಿತ ಹುಡುಗನಿಗೆ ಹೀಗೆ ಹೇಳುವ ಅವಕಾಶ ಸಿಕ್ಕಿರಲಿಲ್ಲ.

ದಾರಿಯುದ್ದಕ್ಕೂ ಅತ್ತಳು. ನಾನು ಸಮಾಧಾನ ಹೇಳಲಿಲ್ಲ. ಅಳುವುದು ನ್ಯಾಯವಾಗಿತ್ತು.

ಅಂದು ಸಂಜೆ ಫೋನು ಬಂತು, ಏನೂ ತಿಂದಿಲ್ಲ ಎಂದು. ಆ ರಾತ್ರಿ ನಮ್ಮಲ್ಲಿಯೂ ಯಾರಿಗೂ ಊಟ ಸೇರಲಿಲ್ಲ. ಬೆಳಿಗ್ಗೆ ಆರು ಗಂಟೆಗೆ ಮತ್ತೆ ಫೋನು. ಹುಡುಗನೇ ಮಾತಾಡಿದ: ‘ಅಕ್ಕಾ, ಬಾ ಬಾ ಬಾ ಎಂದು ಮೂರು ಸಲ ಕರೆದೆ. ಕುಚ್ಚಿಲು ಬಂತು. ಗರಿಕೆ ತಿಂತು. ಅದನ್ನು ನೋಡಿ ಬೆಳ್ತಿಗೆಯೂ ಬಂತು.’

ಓಣಂ ರಜೆಯಲ್ಲಿ ನೋಡಲು ಹೋದೆವು. ಮಗಳು ದಾರಿಯಲ್ಲಿ ಎಷ್ಟೋ ಊಹೆ ಮಾಡಿಕೊಂಡಿದ್ದಳು. ಓಡಿ ಬರಬಹುದು, ಕುಣಿಯಬಹುದು ಎಂದು. ಕುಚ್ಚಿಲು ಬಂದು ಅವಳ ಪಾದವನ್ನು ಮೂಸಿತು, ಒಂದು ಗಳಿಗೆ ನಿಂತಿತು, ಆಮೇಲೆ ಹುಡುಗನ ಕಾಲ ಬಳಿಗೆ ಹೋಗಿ ಕುಳಿತಿತು. ಮಗಳ ಮುಖವನ್ನು ನಾನು ನೋಡಲಿಲ್ಲ, ನೋಡಬಾರದೆನಿಸಿತು. ಹಿಂದಿರುಗುವಾಗ ಅವಳೇ ಹೇಳಿದಳು: ‘ನನ್ನನ್ನು ಮರೆತಿವೆ ಅಪ್ಪಾ. ಬೇಸರ ಆಯಿತು. ಆದರೆ ಹುಡುಕುತ್ತಾ ಕೂತಿದ್ದರೆ ಇನ್ನೂ ಬೇಸರ ಆಗುತ್ತಿತ್ತು.’ ಅದಕ್ಕೆ ನಾನು ಸೇರಿಸಬೇಕಾದದ್ದು ಏನೂ ಇರಲಿಲ್ಲ.

ಬೆಳ್ತಿಗೆ 2024ರ ಡಿಸೆಂಬರಿನಲ್ಲಿ ತೀರಿಕೊಂಡಿತು. ಅದಕ್ಕೆ ಆಗ ಏಳು ವರ್ಷ ದಾಟಿತ್ತು. ಸುದ್ದಿ ಬಂದುದು ನನಗಲ್ಲ, ಮಗಳಿಗೆ. ಸಂಪಿಗೆ ಮರದ ಬುಡದಲ್ಲಿ ಹೂತಿದ್ದರು. ನಾವು ಹೋದಾಗ ಹುಡುಗ ಆ ನೋಟ್‌ಪುಸ್ತಕವನ್ನು ತಂದು ತೋರಿಸಿದ. ಮಗಳ ಅಕ್ಷರ ಮುಗಿದಲ್ಲಿಂದ ಅವನ ಅಕ್ಷರ ಶುರುವಾಗಿತ್ತು. ಮಳೆಗಾಲದಲ್ಲಿ ಹುಲ್ಲನ್ನು ಒರಸಿ ಆರಿಸಿ ಕೊಡಬೇಕು. ಬೆಳ್ತಿಗೆಗೆ ಗುಡುಗಿನ ಭಯ, ಆ ದಿನ ಗೂಡಿನ ಮೇಲೆ ಎರಡು ಗೋಣಿ ಹಾಕಬೇಕು. ಕುಚ್ಚಿಲು ಒಬ್ಬಳೇ ಆದರೆ ಹಟ್ಟಿಯ ಪಕ್ಕದಲ್ಲಿ ಗೂಡು ಇಡಬೇಕು, ಹಸುಗಳ ಸದ್ದು ಕೇಳಿದರೆ ಮೇವು ತಿನ್ನುತ್ತಾಳೆ. ನಮಗೆ ಐದು ವರ್ಷಗಳಲ್ಲಿ ಗೊತ್ತಾಗದಿದ್ದ ಎಷ್ಟೋ ಸಂಗತಿಗಳು ಅದರಲ್ಲಿದ್ದುವು.

ಮಕ್ಕಳೇ, ನಿಮ್ಮ ಮನೆಯಲ್ಲಿಯೂ ತಂದೆಯವರ ವರ್ಗಾವಣೆಯೋ, ಪಾಲುಪಟ್ಟಿಯೋ, ಅಣ್ಣನ ಕಾಲೇಜೋ, ಇನ್ನಾವುದೋ ಕಾರಣದಿಂದ ಸಾಕಿದ ಪ್ರಾಣಿಯನ್ನು ಇಟ್ಟುಕೊಳ್ಳಲಾಗದ ದಿನ ಬರಬಹುದು. ಆಗ ಕೊಡುವುದು ದ್ರೋಹವಲ್ಲ. ಯಾರಿಗೆ, ಹೇಗೆ, ಏನು ಹೇಳಿ ಕೊಟ್ಟಿರಿ ಎಂಬುದನ್ನು ಮಾತ್ರ ಮುಂದೆ ನಿಮ್ಮ ಮನಸ್ಸು ಕೇಳುತ್ತಲೇ ಇರುತ್ತದೆ. ಹೆತ್ತವರು ಆ ಕೆಲಸದಲ್ಲಿ ಮಕ್ಕಳನ್ನು ಹೊರಗಿಡದೆ ಜೊತೆಗೆ ಸೇರಿಸಿಕೊಳ್ಳಲಿ. ಇನ್ನು ಹೊಸದಾಗಿ ಮೊಲವನ್ನೋ ಬೆಕ್ಕನ್ನೋ ತರಬೇಕೆಂದಿರುವವರು ಅದರ ಜೊತೆಗೆ ನಲುವತ್ತು ಪುಟದ ಒಂದು ನೋಟ್‌ಪುಸ್ತಕವನ್ನೂ ತನ್ನಿ. ಮೊದಲ ದಿನದಿಂದಲೇ ಬರೆಯತೊಡಗಿರಿ. ಅದು ನಿಮಗೇ ಉಪಯೋಗಕ್ಕೆ ಬಂದರೆ ಸಂತೋಷ. ಇನ್ನೊಬ್ಬರ ಕೈಗೆ ಹೋಗಬೇಕಾಗಿ ಬಂದರೆ ಅದರಲ್ಲಿ ಸ್ವಲ್ಪ ಖಾಲಿ ಪುಟಗಳೂ ಉಳಿದಿರಲಿ.